ಡೊಂಬಿವಲಿಯಲ್ಲಿ ನನ್ನ ‘ಇಂಗ್ಲಿಷ್’ ಹಾಡು

ಕೇಳ್ರೆಪ್ಪಾ, ಇವತ್ತು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಚಾಳಿನ ಗಣಪತಿ ಪೆಂಡಾಲಿನಲ್ಲಿ ಲೋಕಲ್ ರೈಲಿನ ಹೆಸರು ಹೊತ್ತ ನಮ್ಮ ರಾಕ್ ಬ್ಯಾಂಡು ‘ಸ್ಲೋ ಲೋಕಲ್’ ಮೊದಲ ಸಲ ಮೈಕು ಹಿಡಿಯಿತು. ಮೂವರಿಗೂ ಬೆಲ್‌ಬಾಟಮ್ಮು, ಎಣ್ಣೆ ಡಬ್ಬಗಳೇ ಡ್ರಮ್ಮು. ಗೆಳೆಯರಿಬ್ಬರೂ ಮರಾಠಿಯವರು, ಹಾಡು ಮಾತ್ರ ನಾನು ಬರೆದ ಕನ್ನಡದ್ದು. ‘ಊಟ ಆತೇನು ಅಂತ ಕೇಳವರಿಲ್ಲ’ ಎಂದು ಗಂಟಲು ಹರಿಯುವಂತೆ ಕಿರುಚಿದೆ. ಜನ ‘ವನ್ಸ್ ಮೋರ್’ ಅಂದರು. ಮತ್ತೆ ಕಿರುಚಿದೆ.

ಕೆಳಗಿಳಿದ ಕೂಡಲೇ ಗಣಪತಿ ಮಂಡಳದ ಮರಾಠಿ ಅಧ್ಯಕ್ಷರು ಬೆನ್ನು ತಟ್ಟಿದರು. “ಇಂಗ್ಲಿಷ್ ಏಕದಮ್ ಫಸ್ಟ್ ಕ್ಲಾಸ್, ಭಾವೂ!”

ನಂಬಲಾಗದೆ ಅವರನ್ನೇ ಕೇಳಿದೆ. “ಊಟ ಆತೇನ್ರಿ, ಸಾಹೇಬ್ರ?”

“ಥ್ಯಾಂಕ್ಯೂ, ಥ್ಯಾಂಕ್ಯೂ!” ಎಂದು ಕೈ ಕುಲುಕಿ ಹೋದರು.

ಈ ಊರಿಗೆ ಬಂದಾಗಿನಿಂದ ಯಾರಾದರೂ ನನ್ನನ್ನು ಕೇಳಲಿ ಎಂದು ಕಾದ ಪ್ರಶ್ನೆ ಅದು. ಕೊನೆಗೆ ನಾನೇ ಕೇಳಿದರೂ ಇಂಗ್ಲಿಷಾಗಿ ಹೋಯಿತು.