ಹಡಗಿನ ಹಕಾರ

ನನ್ನ ಸಿಟ್ಟು ಮೈಗೆ ಒಳ್ಳೆಯದಲ್ಲವೆಂದು ನಮ್ಮ ನಾಟಿ ಪಂಡಿತರು ಹೇಳಿದ್ದಾರೆ. ಆದರೆ ಆ ಪಂಡಿತರೂ ಬಂಗಾರಪೇಟೆಯವರೇ. ನಾಡಿ ಹಿಡಿದು, "ಉಸಾರಾಗಿರಿ ಸಾಮಿ" ಎಂದರು. ಹಕಾರವನ್ನು ನುಂಗಿದ ಆ ಮಾತು ಕಿವಿಗೆ ಬಿದ್ದದ್ದೇ ತಡ, ಇದ್ದ ಸಿಟ್ಟು ಇಮ್ಮಡಿಯಾಯಿತು.

ನೀವಾದರೂ ಕೇಳಿ. ಮೂವತ್ತು ವರ್ಷ ನಾನು ಮದರಾಸಿನ ಬಂದರಿನಲ್ಲಿ ಹಡಗುಗಳು ಬಂದದ್ದನ್ನೂ ಹೋದದ್ದನ್ನೂ ಬರೆದಿಟ್ಟವನು. ನಾನು ಕೆಲಸಕ್ಕೆ ಸೇರಿದಾಗ ಹಡಗುಗಳು ದೂರದಲ್ಲೇ ನಿಲ್ಲುತ್ತಿದ್ದವು. ಜನರು ದೋಣಿಯಲ್ಲಿ ತೊಯ್ದು ತೊಪ್ಪೆಯಾಗಿ ದಡ ಸೇರುತ್ತಿದ್ದರು. ಬಿಟ್ಟು ಬರುವ ಹೊತ್ತಿಗೆ ಹಡಗೇ ಕಟ್ಟೆಗೆ ಬಂದು ಒರಗುತ್ತಿತ್ತು. ಹಾಯಿ ಹೋಯಿತು, ಹೊಗೆ ಬಂತು. ದೂರದಲ್ಲಿ ಹೊಗೆಯ ಗೆರೆ ಕಂಡರೆ ದುರ್ಬೀನು ಹಿಡಿದು, ಚಿಮಣಿಯ ಬಣ್ಣ ನೋಡಿ, ಇಂಥ ಕಂಪನಿಯದು ಎಂದು ಹೇಳಿಬಿಡುತ್ತಿದ್ದೆ. ಹೆಂಡತಿ ಉಟ್ಟ ಸೀರೆಯ ಬಣ್ಣ ಕೇಳಿದರೆ ಮಾತ್ರ ತಡವರಿಸುತ್ತಿದ್ದೆ.

ಇಂಥವನು ಪೆನ್ಷನ್ ಪಡೆದು ಊರಿಗೆ ಬಂದೆ. ಹೋಟೆಲಿನಲ್ಲಿ ಯಾರೋ, "ಮದರಾಸ್ನಾಗೆ ಏನ್ ಕೆಲ್ಸ ಸಾಮಿ?" ಎಂದರು. ಹಡಗು ನೋಡುವ ಕೆಲಸ ಎಂದೆ. ಸಮುದ್ರ ಕಾಣದ ಸೀಮೆ ನಮ್ಮದು. ಹಡಗು ಅವರ ಬಾಯಲ್ಲಿ 'ಅಡಗು' ಆಯಿತು. ಸಂಜೆಯೊಳಗೆ ನಾನು ಅಡಗಿ ನೋಡುವ ಕೆಲಸದವನಾದೆ. ತಿದ್ದೋಣವೆಂದು ಮರುದಿನ 'ಶಿಪ್ಪು' ಎಂದೆ. ಅದು ಇನ್ನೂ ದೊಡ್ಡ ತಪ್ಪು. ಚಿನ್ನದ ಗಣಿಯ ಸೀಮೆಯ ಜನ ಬದುಕುವುದೇ ಶಿಫ್ಟಿನ ಲೆಕ್ಕದಲ್ಲಿ. ಅವರ ಕಿವಿಗೆ ಕೇಳಿಸಿದ್ದು ಶಿಫ್ಟು! ಶಿಫ್ಟು ಮುಗಿಸಿ ಮೇಲೆ ಬಂದವರು ಬಟ್ಟೆಯಲ್ಲಿ ಚಿನ್ನ ಬಚ್ಚಿಟ್ಟಿದ್ದಾರೆಯೇ ಎಂದು ಅಡಗಿ ನೋಡುವ ಬೇಹಿನವನು ನಾನು, ಮದರಾಸು ಬರಿಯ ನೆಪ ಎಂದು ಊರು ತೀರ್ಮಾನಿಸಿತು. ನಮ್ಮ ಗೋಡೆಯಲ್ಲಿ ತೂಗುತ್ತಿದ್ದ ದುರ್ಬೀನನ್ನು ಕಂಡವರಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ.

ನಾನು ಕಾಲಿಟ್ಟರೆ ಹೋಟೆಲಿನಲ್ಲಿ ಮಾತು ನಿಲ್ಲುತ್ತಿತ್ತು. ಹಾಳಾಗಲಿ ಎನ್ನಬಹುದಿತ್ತು. ಆದರೆ ಆಂಡರ್ಸನ್‌ಪೇಟೆಯಲ್ಲಿ ಮಗಳಿಗೆ ಗೊತ್ತಾಗಿದ್ದ ಸಂಬಂಧವೇ ಅಲುಗಾಡತೊಡಗಿತು. ಹುಡುಗನ ತಂದೆ ಮುನಿವೆಂಕಟಪ್ಪ ಗಣಿಯೊಳಗೆ ಇಳಿದು ಕಲ್ಲು ಕೊರೆಯುವವರು. ಒಂದು ಭಾನುವಾರ ಬಂದು ಜಗಲಿಯ ತುದಿಯಲ್ಲೇ ಕುಳಿತರು.

"ತಪ್ ತಿಳ್ಕಾಬ್ಯಾಡಿ ಸಾಮಿ. ನಮ್ಮೋರ್ ಒಟ್ಟೆ ಮ್ಯಾಲೆ ಒಡ್ಯೋರ ಮನೆ ಎಣ್ಣು ನಮ್ಗ್ ಬ್ಯಾಡ."

ಒಂದೇ ಉಸಿರಿಗೆ ಮೂರು ಹಕಾರ ಹೋಗಿದ್ದವು, ಜೊತೆಗೆ ಮಗಳ ಮದುವೆಯೂ. ನನಗೆ ಮೈಯೆಲ್ಲ ಉರಿಯಿತು. "ಅಡಗು ಅಲ್ರೀ, ಹಡಗು! ಹ! ಹ! ಹ!" ಎಂದು ಕೂಗಿದೆ. ನಗುತ್ತಿದ್ದೇನೆಂದು ತಿಳಿದು ಅವರು ಟವಲು ಕೊಡವಿ ಎದ್ದೇಬಿಟ್ಟರು.

ಆಗ ಒಳಗಿನಿಂದ ನನ್ನ ಹೆಂಡತಿ ಓಡಿ ಬಂದಳು. "ಪಡಗು ಕಣಣ್ಣ, ಪಡಗು! ತಮಿಳ್ನೋರು ಅಂತಾರಲ್ಲ, ನೀರ್ ಮ್ಯಾಲ್ ಓಗೋದು. ಅದು ಬಂತು, ಓಯ್ತು ಅಂತ ಬರ್ಕೊಂತಿದ್ರು, ಅಷ್ಟೇಯ."

ಹಳಗನ್ನಡದ ಪಕಾರವೇ ಸವೆದು ಹಕಾರವಾಯಿತೆಂದೂ, ಹಡಗು ಹಿಂದೆ ಪಡಗೇ ಆಗಿತ್ತೆಂದೂ ಓದಿ ತಿಳಿದಿದ್ದವನು ನಾನು. ಸಮಯಕ್ಕೆ ಹೊಳೆದದ್ದು ಅವಳಿಗೆ. ಅದಕ್ಕೂ ನನಗೆ ಸಿಟ್ಟು ಬಂತು. ಮೂವತ್ತು ವರ್ಷದ ದುಡಿಮೆಯನ್ನು 'ಅಷ್ಟೇಯ' ಎಂದದ್ದಕ್ಕೆ ಬೇರೆ ಸಿಟ್ಟು.

ಮುನಿವೆಂಕಟಪ್ಪ ತಮಿಳರ ಜೊತೆ ದುಡಿದವರು, ಕೂಡಲೇ ತಿಳಿಯಿತು. ಮತ್ತೆ ಕುಳಿತರು, ಈ ಸಲ ಚಾಪೆಯ ನಡುವೆ. ಕಾಫಿ ಕುಡಿಯುತ್ತ, "ಅಷ್ಟ್ ವರ್ಸ ನೋಡೀರಲ್ಲ, ಒಂದ್ ಕಿತನಾದ್ರೂ ಅದನ್ನ ಅತ್ತಿದ್ರಾ?" ಎಂದು ಕೇಳಿದರು.

ಇಲ್ಲ ಎಂದೆ. ಯಾರೂ ಹತ್ತು ಎನ್ನಲಿಲ್ಲ, ನಾನೂ ಕೇಳಲಿಲ್ಲ.

"ನಂದೂ ಅಂಗೇಯ ಬೀಗ್ರೇ. ಇಪ್ಪತ್ ವರ್ಸದಿಂದ ಚಿನ್ನ ಅಗೀತಿವ್ನಿ. ನಮ್ಮೋಳ ಮೂಗ್ನಾಗೆ ಇನ್ನೂ ಇತ್ತಾಳೆ ಬೊಟ್ಟು. ಆದ್ರೂ ದಿನಾ ಮ್ಯಾಲಕ್ ಬಂದೇಟ್ಗೆ ನನ್ ಬಟ್ಟೆ ತಡಕ್ತಾರೆ."

ಇದನ್ನು ಅವರು ನಗುನಗುತ್ತಲೇ ಹೇಳಿದರು. ನಾನೋ, ಒಂದು ಅಕ್ಷರ ಕಳೆದುಹೋಯಿತೆಂದು ಊರೆಲ್ಲ ಹಾರಾಡಿದ್ದೆ.