ಬೆಳೆಯುವ ಕೂಸಿಗೆ ಒಂದು ಸೈಜ್ ದೊಡ್ಡದು

ಬೆಳೆಯುವ ಮಕ್ಕಳಿಗೆ ಅಳತೆಗೆ ಸರಿಯಾದ ಬಟ್ಟೆ ತರುವುದೆಂದರೆ ನಮ್ಮ ಮನೆಯಲ್ಲಿ ದಂಡ. ನನ್ನ ಶಾಲೆಯ ಯೂನಿಫಾರ್ಮ್ ಮೊದಲ ವರ್ಷ ಮಡಚಿ ಹೊಲಿದಿರುತ್ತಿತ್ತು. ಮೈಗೆ ಸರಿಯಾಗಿ ಕೂರುವಷ್ಟರಲ್ಲಿ ಬಣ್ಣ ಹೋಗಿರುತ್ತಿತ್ತು. ಹಾಗಾಗಿ ದಾಂಡೇಲಿಯ ಅಂಗಡಿಯಲ್ಲಿ ನನ್ನ ಮಗಳಿಗೆ ಈಜುವ ನ್ಯಾಪಿ ಆರಿಸುವಾಗ ಅವ್ವ ಪಕ್ಕದಲ್ಲಿದ್ದದ್ದೇ ಎಡವಟ್ಟಾಯಿತು.

ತಮ್ಮ ಗಣೇಶಗುಡಿಯಲ್ಲಿ ಹೋಮ್‌ಸ್ಟೇ ತೆರೆದಿದ್ದ. ಹೊಸ ಈಜುಕೊಳಕ್ಕೆ ಅತಿಥಿಗಳಿಗಿಂತ ಮೊದಲು ಮನೆಯ ಕೂಸು ಇಳಿಯಲಿ ಎಂದು ಅವನಿಗೆ ಆಸೆ. ಷರತ್ತು ಒಂದೇ, ನೀರು ಕೆಡಬಾರದು. ಕೆಟ್ಟರೆ ಕೊಳವನ್ನೇ ಖಾಲಿ ಮಾಡಬೇಕು, ಮೊದಲ ಅತಿಥಿಗಳೋ ಕೂಸು ನೀರಿಗಿಳಿಯುವ ದಿನವೇ ಮಧ್ಯಾಹ್ನ ಬರುವವರು. ಮಾಮೂಲಿ ಡೈಪರ್ ನೀರು ಕುಡಿದು ಉಬ್ಬುತ್ತದೆಂದು ನಾನು ತೊಳೆದು ಮತ್ತೆ ಬಳಸುವ ಬಟ್ಟೆಯ ನ್ಯಾಪಿಯನ್ನೇ ಹುಡುಕಿದೆ. ಅದು ಉಚ್ಚೆ ಹೀರುವುದಿಲ್ಲ, ಕಕ್ಕವನ್ನು ಮಾತ್ರ ಹಿಡಿದಿಡುತ್ತದೆ. ಅದೂ ತೊಡೆಯ ಎಲಾಸ್ಟಿಕ್ ಮೈಗೆ ಬಿಗಿಯಾಗಿ ಕೂತರೆ ಮಾತ್ರ. ಇಷ್ಟನ್ನೂ ಅವ್ವನಿಗೆ ಬಿಡಿಸಿ ಹೇಳಿದ್ದೆ.

“ಬೆಳೆಯೋ ಕೂಸು. ಮುಂದಿನ ಬ್ಯಾಸಗಿಗೂ ಬರಬೇಕಲ್ಲ, ಒಂದು ಸೈಜ್ ದೊಡ್ಡದ ತೊಗೋ,” ಎಂದಳು ಅವ್ವ.

ಅಂಗಡಿಯಲ್ಲೇ ಜಗಳವಾಡಿದೆ. ಕೊನೆಗೆ ಸಾಕಾಗಿ ದೊಡ್ಡದನ್ನೇ ಕಟ್ಟಿಸಿಕೊಂಡು ಬಂದೆ.

ಮಗಳನ್ನೆತ್ತಿಕೊಂಡು ತಮ್ಮನ ಕೊಳದ ಸೊಂಟಮಟ್ಟದ ನೀರಿಗೆ ಇಳಿದ ಮೇಲೆ ಅವಳ ತೊಡೆಯ ಬಳಿ ನನ್ನ ಬೆರಳು ಸರಾಗವಾಗಿ ಒಳಗೆ ಹೋಯಿತು. ನ್ಯಾಪಿ ಸಡಿಲವಾಗಿತ್ತು. ತಕ್ಷಣ ಮೇಲೆ ಬರಬೇಕಿತ್ತು, ಆದರೆ ತಮ್ಮ ಮೊಬೈಲ್ ಹಿಡಿದು ನಗುತ್ತ ಫೋಟೊ ತೆಗೆಯುತ್ತಿದ್ದ. ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಅತಿಥಿಗಳು ಹೇಳಿದ್ದಕ್ಕಿಂತ ಬೇಗ ಬಂದಿದ್ದರು. ಗಂಡ, ಹೆಂಡತಿ, ಅವಳ ಕಂಕುಳಲ್ಲಿ ನನ್ನ ಮಗಳ ಓರಗೆಯ ಗಂಡುಮಗು.

ನೀರು ಬಡಿಯುತ್ತಿದ್ದ ಮಗಳು ತಟ್ಟನೆ ನಿಲ್ಲಿಸಿದಳು. ಮುಖ ಕೆಂಪಾಯಿತು, ಕಣ್ಣು ಎಲ್ಲೋ ನೆಟ್ಟವು. ಆ ಮುಖ ಯಾವ ತಾಯಿಗೆ ಗೊತ್ತಿಲ್ಲ? ಎರಡೂ ತೊಡೆಗಳನ್ನು ಅಂಗೈಯಿಂದ ಒತ್ತಿ ಹಿಡಿದು ಮೆಟ್ಟಿಲ ಕಡೆ ಹೊರಟೆ. ಇದೂ ಒಂದು ಆಟವೆಂದುಕೊಂಡು ಅವಳು ಕಾಲು ಝಾಡಿಸತೊಡಗಿದಳು. ಹೆಜ್ಜೆ ಕೀಳಲು ನೀರು ಬಿಡುತ್ತಿಲ್ಲ. ಮೆಟ್ಟಿಲು ಮುಟ್ಟುವ ಹೊತ್ತಿಗೆ ಬೆರಳ ಸಂದಿಯಿಂದ ಏನೋ ಮೆತ್ತಗೆ ಜಾರಿತು. ನೋಡನೋಡುತ್ತ ನೀರಿನಲ್ಲಿ ಕರಗಿಯೂ ಹೋಯಿತು. ನನ್ನ ಹೊರತು ಯಾರೂ ನೋಡಲಿಲ್ಲ.

ಅತಿಥಿ ಹೆಂಗಸು ಆಗಲೇ ದಂಡೆಗೆ ಬಂದು ಮಗುವಿನ ಅಂಗಿ ಬಿಚ್ಚುತ್ತಿದ್ದಳು. ತಮ್ಮ ನನ್ನ ಮುಖ ನೋಡಿ ಹತ್ತಿರ ಬಂದ, ದನಿ ತಗ್ಗಿಸಿ ಎಲ್ಲ ಸರಿಯಿದೆಯಾ ಎಂದು ಕೇಳಿದ. ಹೂಂ ಅಂದುಬಿಡೋಣ ಅನ್ನಿಸಿತು. ಅವನ ಕಣ್ಣಲ್ಲಿದ್ದ ಹೆದರಿಕೆ ನನಗೆ ನೋಡಲಾಗಲಿಲ್ಲ.

“ನೀರು ಕೆಟ್ಟೈತಿ. ಯಾರೂ ಇಳೀಬ್ಯಾಡ್ರಿ,” ಎಂದೆ, ಆ ಹೆಂಗಸಿಗೂ ಕೇಳುವ ಹಾಗೆ.

ಅತಿಥಿಗಳು ಮುಖ ಗಂಟಿಕ್ಕಿಕೊಂಡರು. ಮಗುವಿಗೆ ಈಜು ತೋರಿಸಲೆಂದೇ ಇಷ್ಟು ದೂರ ಬಂದದ್ದು ಎಂದು ಗೊಣಗಿ, ಬೇರೆ ಕಡೆ ನೋಡುತ್ತೇವೆಂದು ಕಾರು ತಿರುಗಿಸಿದರು. ಅವ್ವ ಒದ್ದೆ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಬೈಯಲು ಬಾಯಿ ತೆರೆದೆ. ಆದರೆ ಆ ನ್ಯಾಪಿ ಕಟ್ಟಿಸಿಕೊಂಡು ಬಂದವಳು ನಾನೇ ತಾನೆ.

ಕಾರಿನ ಸದ್ದು ಅಡಗಿದ ಮೇಲೆ ತಮ್ಮ ನನ್ನ ಕಡೆ ತಿರುಗಿದ.

“ಅಕ್ಕಾ, ನೀ ಸುಮ್ಮನಿದ್ದಿದ್ರ ಯಾರಿಗೂ ತಿಳೀತಿರಲಿಲ್ಲ.”

“ಅವರ ಕೂಸು ಆ ನೀರು ಕುಡೀತಿತ್ತು,” ಎಂದೆ.

ಅವನು ಕೊಳ ಖಾಲಿ ಮಾಡುವ ಮೋಟಾರು ಹಾಕಲು ಹೋದ.