ಪೋಸ್ಟರಿಗಾಗಿ ಇಳಿಸಿದ ನಗು

ಕಾಲೇಜು ಗೇಟಿನ ಎದುರಿಗಿರುವ ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮುಖಗಳನ್ನು ತಿದ್ದುವವಳನ್ನು ಎಲ್ಲರೂ ಮೇಕಪ್ಪಕ್ಕ ಎನ್ನುತ್ತಾರೆ. ತನ್ನ ಮುಖಕ್ಕೆ ಅವಳು ಪೌಡರು ಕೂಡ ಹಚ್ಚಿದವಳಲ್ಲ. ಆದರೆ ಅರ್ಜಿಯ ಫೋಟೋದಲ್ಲಿ ನಿದ್ದೆಗೆಟ್ಟ ಕಣ್ಣಿಗೆ ಬೆಳಕು ತುಂಬುವುದು, ಗಂಡಿನ ಕಡೆಯವರಿಗೆ ಕಳಿಸುವ ಫೋಟೋದಲ್ಲಿ ಮೊಡವೆ ಒರೆಸುವುದು, ತೀರಿಕೊಂಡವರ ಚಿತ್ರದಲ್ಲಿ ಹೆಗಲ ಮೇಲೆ ಉಳಿದ ಬೇರೆಯವರ ಕೈಯನ್ನು ಮೆಲ್ಲಗೆ ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. "ಸ್ವಲ್ಪ ಬೆಳ್ಳಗೆ ಮಾಡಮ್ಮ" ಎಂದವರಿಗೆ, "ಮಾಡ್ತೀನಿ. ಆಮೇಲೆ ಬ್ಯಾಂಕಿನೋರು ಇದು ನೀವಲ್ಲ ಅಂದ್ರೆ ನನ್ನನ್ನ ಕೇಳ್ಬೇಡಿ" ಎನ್ನುತ್ತಾಳೆ.

ಎದುರಿನ ಗೇಟು ಕಾಯುವವನು ಅವಳ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ಅದೇ ಕಾಲೇಜಿಗೆ ಓದಲು ಸೇರಿದ ಮೊದಲ ದಿನ ಅವಳು ಅಭ್ಯಾಸಬಲದಿಂದ "ಮಾವಾ" ಎಂದು ಕೂಗಿದ್ದೇ ನೆಪ, ಇಡೀ ಕಾಲೇಜಿಗೆ ಅವನು ಗೇಟು ಮಾವನಾಗಿಬಿಟ್ಟ. ಮುಂದಿನ ಹಲ್ಲುಗಳ ನಡುವೆ ಅವನಿಗೊಂದು ಸಂದು. ನಕ್ಕರೆ ತಲೆ ಹಿಂದಕ್ಕೆ ಹೋಗಿ, ಸೊಂಟದ ಬೀಗದ ಕೈಗಳೂ ಗಲಗಲ ಎನ್ನುತ್ತಿದ್ದವು. ತಡವಾಗಿ ಬಂದವರನ್ನು ಅವನು ಬೈದದ್ದಿಲ್ಲ. "ಇಷ್ಟು ಬೇಗ ಬಂದ್ಬಿಟ್ರಾ ಸಾಹೇಬ್ರೇ? ನಾಳೆ ಪಾಠ ಇವತ್ತೇ ಕೇಳೋಕಾ?" ಎಂದು ಗೇಟನ್ನು ಅರಮನೆಯ ಬಾಗಿಲಿನಂತೆ ತೆರೆಯುತ್ತಿದ್ದ. ಹುಡುಗರೂ ಬಿಡುತ್ತಿರಲಿಲ್ಲ. "ಮಾವ, ನಿಮ್ಮ ಹಲ್ಲಿನ ಗೇಟು ಯಾವಾಗಲೂ ತೆಗ್ದೇ ಇರುತ್ತಲ್ಲ, ಇದಕ್ಯಾಕೆ ಬೀಗ?" ಎನ್ನುತ್ತಿದ್ದರು. ಆಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

ಒಂದು ದಿನ ಕಾಲೇಜಿನ ಬ್ಯಾನರು ಕಟ್ಟಲು ಏಣಿ ಹತ್ತಿದ ಮಾವ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಆಗಲೇಬೇಕೆಂದರು ವೈದ್ಯರು. ಅವನಿಗಾಗಿ ವಿದ್ಯಾರ್ಥಿಗಳು ಒಂದು ಸಹಾಯಾರ್ಥ ಸಂಗೀತ ಸಂಜೆ ಇಟ್ಟುಕೊಂಡರು. ಪೋಸ್ಟರಿನ ಕೆಲಸ ಮೇಕಪ್ಪಕ್ಕನ ಪಾಲಿಗೆ ಬಂತು. ಬೇರೆಯವರಿಗೆ ಕೊಟ್ಟಿದ್ದರೆ ಅವಳೇ ಜಗಳ ತೆಗೆಯುತ್ತಿದ್ದಳು.

ವಿದ್ಯಾರ್ಥಿ ಸಂಘದ ಅಧ್ಯಕ್ಷೆ, ಗುಂಗುರು ಕೂದಲಿನ ಹುಡುಗಿ, ತನ್ನ ಫೋನಿನಿಂದ ಒಂದು ಫೋಟೋ ಕಳಿಸಿದಳು. ಪರದೆಯ ತುಂಬ ಮಾವ ನಗುತ್ತಿದ್ದ. ತಲೆ ಹಿಂದಕ್ಕೆ, ಕಣ್ಣು ಎರಡು ಗೆರೆ.

"ಅಕ್ಕಾ, ಇಷ್ಟು ಖುಷಿಯಾಗಿದ್ರೆ ಯಾರು ಸಹಾಯ ಮಾಡ್ತಾರೆ? ಲಾಟರಿ ಹೊಡೆದವರ ಥರ ಇದಾರೆ" ಎಂದಳು ಅಧ್ಯಕ್ಷೆ.

"ಬೇರೆ ಫೋಟೋ ಇಲ್ವಾ?"

"ಇರೋದು ಇದೊಂದೇ. ಮಾವನನ್ನ ಯಾರು ಕೂರಿಸಿ ಫೋಟೋ ತೆಗೀತಾರೆ?"

ಮೇಕಪ್ಪಕ್ಕ ಫೋಟೋವನ್ನು ದೊಡ್ಡದು ಮಾಡಿದಳು. ಆಸ್ಪತ್ರೆಯ ಮಂಚದ ಮೇಲೆ ಮಗ್ಗುಲು ಬದಲಿಸಲಾರದೆ ಮಲಗಿದ್ದ ಮಾವ ನೆನಪಾದ. ಆಮೇಲೆ ಕೈ ತನ್ನ ಪಾಡಿಗೆ ಹೊರಟಿತು. ತುಟಿಯ ತುದಿಗಳನ್ನು ಕೆಳಗೆ ಎಳೆದಳು. ಹಲ್ಲಿನ ಸಂದು ಮುಚ್ಚಿಹೋಯಿತು. ಕಣ್ಣನ್ನು ತುಸು ಬಿಡಿಸಿ, ಅದರಡಿ ನೆರಳು ಬಳಿದಳು. ಶರ್ಟಿನ ನೀಲಿಯನ್ನು ಹಿಂಡಿ ತೆಗೆದು ಎಲ್ಲವನ್ನೂ ಬೂದಿಯ ಬಣ್ಣಕ್ಕೆ ತಂದಳು. ಕೆಳಗೆ ದಪ್ಪ ಅಕ್ಷರದಲ್ಲಿ 'ಈ ಮುಖದಲ್ಲಿ ನಗು ಅರಳಿಸೋಣ ಬನ್ನಿ' ಎಂದು ಬರೆದಳು.

"ಅಬ್ಬಾ! ನೋಡಿದ್ರೆ ಅಳು ಬರುತ್ತೆ ಅಕ್ಕಾ" ಎಂದಳು ಅಧ್ಯಕ್ಷೆ. ಅದು ಹೊಗಳಿಕೆಯಾಗಿತ್ತು. ಮೇಕಪ್ಪಕ್ಕನೂ ಹಿಗ್ಗಿದಳು.

ಅಂಗಡಿಯಲ್ಲಿ ತಿದ್ದಿದ್ದನ್ನು ಮೂಲ ಫೋಟೋ ಅಳಿಸಿ ಅದರ ಜಾಗದಲ್ಲೇ ಉಳಿಸುವ ಪದ್ಧತಿ. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಮಾಲೀಕರ ಗೊಣಗಾಟ. "ಹಳೇದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?" ಎನ್ನುತ್ತಿದ್ದರು. ಅವಳು ಎಂದಿನಂತೆ ಗುಂಡಿ ಒತ್ತಿದಳು.

ಪೋಸ್ಟರು ಬಸ್ ನಿಲ್ದಾಣದ ಕಂಬಕ್ಕೆ, ಔಷಧಿ ಅಂಗಡಿಯ ಗಾಜಿಗೆ, ಗ್ರಂಥಾಲಯದ ಗೋಡೆಗೆ ಹತ್ತಿತು. ಅಮ್ಮ ಮಾರ್ಕೆಟ್ಟಿನಿಂದ ಬಂದವಳೇ ಚೀಲ ಕೆಳಗಿಡದೆ ಕೇಳಿದಳು: "ಏನೇ ಅದು? ನನ್ನ ತಮ್ಮ ಯಾವತ್ತು ಆ ಥರ ಮುಖ ಮಾಡಿದ್ದ? ನಮ್ಮಪ್ಪ ಸತ್ತಾಗ್ಲೂ ಬಂದವರನ್ನ ನಗಿಸಿ ಕಳಿಸಿದವನು ಅವನು."

"ಆಪರೇಷನ್ ಆಗೋದು ಬೇಡ್ವಾಮ್ಮ?"

ಅಮ್ಮ ಚೀಲದ ಸಮೇತ ಒಳಗೆ ಹೋದಳು.

ಸಂಗೀತ ಸಂಜೆಗೆ ನಿಲ್ಲಲೂ ಜಾಗವಿರಲಿಲ್ಲ. ಆಪರೇಷನ್ ಆಯಿತು. ಚೇತರಿಸಿಕೊಂಡ ಮಾವ ಕೋಲು ಹಿಡಿದು ಗೇಟಿಗೆ ಮರಳಿದ. ಕಾಂಪೌಂಡಿನ ಮೇಲೆ ಉಳಿದಿದ್ದ ಪೋಸ್ಟರನ್ನು ಬಹಳ ಹೊತ್ತು ನೋಡಿ, ರಸ್ತೆಯಾಚೆಯಿಂದಲೇ ಕೂಗಿ ಹೇಳಿದ: "ಚೆನ್ನಾಗಿ ಮಾಡಿದೀಯ ಕಣೇ. ನನಗೇ ನನ್ನ ಮೇಲೆ ಪಾಪ ಅನ್ನಿಸ್ತು!"

ಆಗ ಅವಳೂ ನಕ್ಕಿದ್ದಳು. ಆದರೆ ಗಾಜಿನ ಬಾಗಿಲಿನಿಂದ ದಿನವೂ ಗೇಟು ಕಾಣುತ್ತಿತ್ತು. ತಡವಾಗಿ ಬಂದವನಿಗೆ ಮಾವ, "ಬನ್ನಿ ಸಾಹೇಬ್ರೇ" ಎಂದರೆ ಹುಡುಗ ತಲೆ ತಗ್ಗಿಸಿ, "ಸಾರಿ ಮಾವ, ನೀವು ಏಳಬೇಡಿ, ನಾನೇ ತೆಗೀತೀನಿ" ಎನ್ನುತ್ತಿದ್ದ. ಹುಡುಗಿಯರು ಮೆತ್ತಗಿನ ದನಿಯಲ್ಲಿ, "ಊಟ ಆಯ್ತಾ ಮಾವ? ನೋವು ಹೇಗಿದೆ?" ಎಂದು ಕೇಳಿ ಹೋಗುತ್ತಿದ್ದರು. ಹಲ್ಲಿನ ಮಾತು ಯಾರ ಬಾಯಿಂದಲೂ ಬರಲಿಲ್ಲ. ಹೊಸದಾಗಿ ಸೇರಿದವರಿಗಂತೂ ಅವನು ಪೋಸ್ಟರಿನ ಮುದುಕ ಅಷ್ಟೇ. ಎಸೆದ ತಮಾಷೆ ಹಿಡಿಯುವವರಿಲ್ಲದೆ ಕೆಳಗೆ ಬೀಳುತ್ತಿತ್ತು. ಕೊನೆಗೆ ಮಾವ ಎಸೆಯುವುದನ್ನೇ ಬಿಟ್ಟ. ಬೀಗದ ಕೈಗಳು ಮೊಳೆಗೆ ನೇತುಬಿದ್ದವು.

ಒಂದು ಮಧ್ಯಾಹ್ನ ಅವನೇ ರಸ್ತೆ ದಾಟಿ ಬಂದ. "ಅಲ್ಲ ಕಣೇ, ಆ ಗುಂಗುರು ಕೂದಲಿನ ಹುಡುಗಿ ತೆಗೆದಿದ್ದು ನಗೋ ಫೋಟೋ ಅಲ್ವಾ? ಅದೊಂದು ಹಾಕ್ಕೊಡು. ನಿಮ್ಮತ್ತೆ ಕೇಳ್ತಿದ್ಲು, ಮನೇಲಿ ತೂಗು ಹಾಕ್ಬೇಕಂತೆ."

ಹುಡುಕುವ ನಾಟಕ ಆಡಿ, "ಸಂಜೆ ಕೊಡ್ತೀನಿ ಮಾವ" ಎಂದಳು. ಅಧ್ಯಕ್ಷೆಗೆ ಫೋನು ಮಾಡಿದರೆ, "ಅಯ್ಯೋ ಅಕ್ಕಾ, ಆ ಫೋನ್ ಒಡೆದೇ ಹೋಯ್ತು" ಎಂದಳು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ ಇರಬೇಕು. ಇಳಿಸಿದ ತುಟಿಗಳನ್ನು ಮತ್ತೆ ಮೇಲಕ್ಕೆ ಎಳೆದು ನೋಡಿದಳು. ಹಲ್ಲು ಬಂತು, ಸಂದು ಬಂತು. ನಕ್ಕವನು ಮಾತ್ರ ಯಾರೋ. ಎಷ್ಟೋ ಅಪರಿಚಿತರ ಮುಖಕ್ಕೆ ಕಳೆ ತಂದ ಕೈ ಮೌಸಿನ ಮೇಲೆ ಸುಮ್ಮನೆ ಕೂತಿತು.

ಸಂಜೆ ಫೋನು ಹಿಡಿದು ತಾನೇ ಗೇಟಿಗೆ ಹೋದಳು. "ಹಳೇದು ಬೇಡ ಮಾವ, ಹೊಸದು ತೆಗೀತೀನಿ. ಎಲ್ಲಿ, ಒಂದ್ಸಲ ನಕ್ಕುಬಿಡಿ."

ಮಾವ ಕೋಲನ್ನು ಗೋಡೆಗೆ ಒರಗಿಸಿದ. ಕಾಲರು ಸರಿಮಾಡಿಕೊಂಡ. ನಕ್ಕೇಬಿಡುತ್ತಾನೆ ಎನ್ನುವಷ್ಟರಲ್ಲಿ ಫೋನು ಅವನ ಮುಖದ ನೇರಕ್ಕೆ ಬಂತು. ತುಟಿಗಳು ತಾವಾಗಿಯೇ ಕೂಡಿಕೊಂಡು ತುದಿಗಳು ಕೆಳಗಿಳಿದವು. ಕಣ್ಣು ತುಸು ಬಿಟ್ಟು, ಅವಳೇ ಬರೆದ ಆ ಮುಖವನ್ನು ಒಂದು ಗೆರೆಯೂ ತಪ್ಪದಂತೆ ಹೊತ್ತು ಅವನು ಅಲುಗದೆ ನಿಂತ.

"ಹೀಗೇ ತಾನೇ?" ಎಂದ, ತುಟಿ ಬಿಚ್ಚದೆ.